ಬಿಚ್ಚಿದ ಜುಟ್ಟು, ಬಿಗಿದ ಲೆಕ್ಕ

ಕತ್ತಲಾಗಿತ್ತು. ಹಳ್ಳಿಯ ಗುಡಿಸಲೊಂದರಲ್ಲಿ ಮುದುಕಿಯೊಬ್ಬಳು ಆಗತಾನೇ ಒಲೆಯಿಂದ ಇಳಿಸಿದ ಗಂಜಿಯನ್ನು ಮಕ್ಕಳಿಗೆ ಬಡಿಸಿದಳು. ಹಸಿವು ತಡೆಯಲಾರದ ಹುಡುಗನೊಬ್ಬ ತಟ್ಟೆಯ ನಟ್ಟನಡುವಿಗೆ ಕೈಹಾಕಿ, ಬೆರಳು ಸುಟ್ಟುಕೊಂಡು ಅಳತೊಡಗಿದ. ನೀನೂ ಆ ಚಾಣಕ್ಯನಂಥ ದಡ್ಡನೇ ಎಂದು ಮುದುಕಿ ಗದರಿದಳು. ಅನ್ನ ಬೇಡಿ ಬಾಗಿಲಲ್ಲಿ ನಿಂತಿದ್ದವನ ಕಿವಿ ನೆಟ್ಟಗಾಯಿತು. ಚಾಣಕ್ಯ ಮಾಡಿದ ದಡ್ಡತನವಾದರೂ ಏನಮ್ಮ ಎಂದು ಕೇಳಿದ. ಸುತ್ತಲಿನ ಸೀಮೆಯನ್ನು ಹಿಡಿಯದೆ ನೇರ ರಾಜಧಾನಿಗೇ ನುಗ್ಗಿ ಸೋತು ಓಡಿದನಲ್ಲ, ಬಿಸಿ ಗಂಜಿಯನ್ನು ಅಂಚಿನಿಂದ ಉಣ್ಣಬೇಕೆಂಬುದು ಇವನಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ ಎಂದಳು ಮುದುಕಿ. ಕೇಳಿದವನು ಚಾಣಕ್ಯನೇ.

ಈ ಕತೆಯನ್ನು ಹೇಳಿದವನು 12ನೇ ಶತಮಾನದ ಜೈನ ಪಂಡಿತ ಹೇಮಚಂದ್ರ. ಸಿಂಹಳದ ಬೌದ್ಧರ ಬಳಿಯೂ ಇದೇ ಕತೆ ಇದೆ. ಅಲ್ಲಿ ಗಂಜಿಯ ಬದಲು ಅಪ್ಪ, ಮುದುಕಿಯ ಬದಲು ತಾಯಿ. ಹೇಮಚಂದ್ರ ಬರೆಯುವ ಹೊತ್ತಿಗೆ ಮೌರ್ಯರ ಕಾಲ ಕಳೆದು 1,300 ವರ್ಷಗಳ ಮೇಲಾಗಿತ್ತು. ಹಾಗಾಗಿ ಇದನ್ನು ನಡೆದ ಘಟನೆಯೆಂದು ಯಾರೂ ಹೇಳಲಾರರು. ಆದರೆ ಕತೆ ಕಟ್ಟಿದವರು ಒಂದು ವಿಷಯವನ್ನು ಸರಿಯಾಗಿ ಹಿಡಿದಿದ್ದಾರೆ: ಚಾಣಕ್ಯನಿಗೆ ಸಿಟ್ಟಿಗೇನೂ ಕೊರತೆ ಇರಲಿಲ್ಲ, ಅವನು ಕಲಿಯಬೇಕಾಗಿದ್ದದ್ದು ಕ್ರಮ. ಅವನ ಹೆಸರಿನಲ್ಲಿ ನಮಗೆ ಉಳಿದಿರುವ ಗ್ರಂಥ ಅರ್ಥಶಾಸ್ತ್ರದಲ್ಲಿ ಪುಟಪುಟಕ್ಕೂ ಇರುವುದು ಅದೇ ಕ್ರಮ. ನಾವು ಮಾತ್ರ ಜುಟ್ಟಿನ ಕತೆಯನ್ನೇ ಹೆಚ್ಚು ನೆನಪಿಟ್ಟುಕೊಂಡಿದ್ದೇವೆ.

ನಂದರ ಪಂಕ್ತಿಯಲ್ಲಿ

ಜುಟ್ಟಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಪಾಟಲಿಪುತ್ರದ ಅರಮನೆಯ ಭೋಜನಶಾಲೆಯಲ್ಲಿ ಅಗ್ರಾಸನದ ಮೇಲೆ ಕುಳಿತಿದ್ದ ಕುರೂಪಿ ಬ್ರಾಹ್ಮಣನನ್ನು ನಂದರಾಜನ ಕಡೆಯವರು ಎಬ್ಬಿಸಿ ಹೊರಗೆ ಹಾಕುತ್ತಾರೆ. ನಂದವಂಶವನ್ನು ಬೇರುಸಹಿತ ಕಿತ್ತಲ್ಲದೆ ಈ ಜುಟ್ಟನ್ನು ಕಟ್ಟುವುದಿಲ್ಲವೆಂದು ಅವನು ಆಣೆ ಇಡುತ್ತಾನೆ. ಕಾಲಿಗೆ ಚುಚ್ಚಿದ ದರ್ಭೆಯನ್ನು ಬುಡಸಮೇತ ಅಗೆದು ತೆಗೆಯುವ ಹಠಮಾರಿಯ ಚಿತ್ರವೂ ಇದರ ಜೊತೆಗೇ ಬೆಳೆದು ಬಂದಿದೆ.

ಆ ನಂದರು ಸಾಮಾನ್ಯರಾಗಿರಲಿಲ್ಲ. ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರ್ ಝೇಲಂ ದಂಡೆಯಲ್ಲಿ ಪೋರಸನನ್ನು ಗೆದ್ದು ಬಿಯಾಸ್ ನದಿಯ ತನಕ ಬಂದಾಗ, ಅವನ ಸೈನಿಕರು ಮುಂದಕ್ಕೆ ಹೆಜ್ಜೆ ಇಡಲು ಒಪ್ಪಲಿಲ್ಲ. ವರ್ಷಗಟ್ಟಲೆ ನಡೆದು ದಣಿದಿದ್ದರು, ಮಳೆ ಹಿಡಿದಿತ್ತು. ಅದರ ಮೇಲೆ, ಗಂಗೆಯಾಚೆಯ ರಾಜನ ಸೈನ್ಯದ ಸುದ್ದಿ ಬಂದಿತ್ತು. ರೋಮನ್ ಲೇಖಕ ಕರ್ಟಿಯಸ್ ಕೊಡುವ ಲೆಕ್ಕದಲ್ಲಿ ಆ ಸೈನ್ಯದಲ್ಲಿ 2 ಲಕ್ಷ ಕಾಲಾಳು, 20,000 ಕುದುರೆ, 2,000 ರಥ, 3,000 ಆನೆಗಳಿದ್ದವು. ಪ್ಲೂಟಾರ್ಕ್ ಕುದುರೆ, ರಥ, ಆನೆಗಳ ಸಂಖ್ಯೆಯನ್ನು ಇನ್ನೂ ಏರಿಸುತ್ತಾನೆ. ಅರ್ಧಕ್ಕರ್ಧ ಉತ್ಪ್ರೇಕ್ಷೆಯೆಂದು ಕಳೆದರೂ, ಅಷ್ಟು ಸೈನ್ಯವನ್ನು ಸಾಕಲು ಎಷ್ಟು ಧಾನ್ಯ, ಎಷ್ಟು ತೆರಿಗೆ ಬೇಕಾಗಿದ್ದಿರಬೇಕು ಎಂದು ಯೋಚಿಸಿ. ಮಗಧದ ಬೊಕ್ಕಸ ನಂದರ ಕಾಲಕ್ಕೇ ತುಂಬಿತ್ತು. ಪ್ರಜೆಗಳ ಪ್ರೀತಿ ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ರಾಜ ಕ್ಷೌರಿಕನ ಮಗ, ಅವನನ್ನು ಕಂಡರೆ ಜನಕ್ಕೆ ತಾತ್ಸಾರ ಎಂಬ ಮಾತು ಗ್ರೀಕರ ಕಿವಿಗೂ ಬಿದ್ದಿತ್ತು.

ಈ ಬಿರುಕಿಗೆ ಕೈಹಾಕಿದವನು ಚಂದ್ರಗುಪ್ತ ಮೌರ್ಯ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತ ಮೇಲೆ ಸಿಂಧೂ ಕಣಿವೆಯಲ್ಲಿ ಅವನು ಬಿಟ್ಟುಹೋದ ಅಧಿಕಾರಿಗಳ ಹಿಡಿತ ಸಡಿಲಾಯಿತು. ಸುಮಾರು ಕ್ರಿ.ಪೂ. 321ರ ಹೊತ್ತಿಗೆ ಚಂದ್ರಗುಪ್ತ ಪಾಟಲಿಪುತ್ರದ ಸಿಂಹಾಸನದಲ್ಲಿದ್ದ. ಗ್ರೀಕರು ಅವನನ್ನು ಸ್ಯಾಂಡ್ರೊಕೊಟಸ್ ಎಂದು ಕರೆದರು. ಸಾಮಾನ್ಯ ಮನೆತನದವನು, ನಂದನ ಕೋಪಕ್ಕೆ ಸಿಕ್ಕಿ ಓಡಿದವನು, ಮಲಗಿದ್ದಾಗ ಸಿಂಹವೊಂದು ಬಂದು ಬೆವರು ನೆಕ್ಕಿ ಹೋದದ್ದರಿಂದ ರಾಜ್ಯದ ಆಸೆ ಹುಟ್ಟಿಸಿಕೊಂಡವನು ಎಂದೆಲ್ಲ ರೋಮನ್ ಇತಿಹಾಸಕಾರ ಜಸ್ಟಿನ್ ಬರೆದಿದ್ದಾನೆ. ಉಳಿದಿರುವ ಗ್ರೀಕ್, ಲ್ಯಾಟಿನ್ ಬರಹಗಳಲ್ಲಿ ಚಾಣಕ್ಯನ ಹೆಸರು ಎಲ್ಲಿಯೂ ಬರುವುದಿಲ್ಲ. ಅವನನ್ನು ನೆನಪಿಟ್ಟುಕೊಂಡವರು ನಮ್ಮವರೇ: ಪುರಾಣಕಾರರು, ಬೌದ್ಧರು, ಜೈನರು, ನಾಟಕಕಾರರು. ಒಬ್ಬರಿಗೊಬ್ಬರು ಆಗದವರೂ ಒಂದು ಮಾತನ್ನು ಒಪ್ಪುತ್ತಾರೆ. ನಂದರನ್ನು ಕಿತ್ತು ಮೌರ್ಯನನ್ನು ಕೂರಿಸಿದವನು ಚಾಣಕ್ಯ.

ಐನೂರು ಆನೆ

ಅಂಚಿನಿಂದ ಉಣ್ಣುವ ಪಾಠದ ದೊಡ್ಡ ಪರೀಕ್ಷೆ ಪಶ್ಚಿಮದಲ್ಲಿ ನಡೆಯಿತು. ಅಲೆಕ್ಸಾಂಡರನ ಸೇನಾನಿ ಸೆಲ್ಯೂಕಸ್ ತನ್ನ ಒಡೆಯನ ಹಳೆಯ ಪ್ರಾಂತ್ಯಗಳನ್ನು ಮರಳಿ ಪಡೆಯಲು ಸಿಂಧೂ ದಾಟಿದ. ಕ್ರಿ.ಪೂ. 303ರ ಸುಮಾರಿಗೆ ಆದ ಒಪ್ಪಂದದಲ್ಲಿ ಇಂದಿನ ಕಂದಹಾರ್, ಕಾಬೂಲ್ ಸೀಮೆ ಹಾಗೂ ಬಲೂಚಿಸ್ತಾನದ ಭಾಗಗಳು ಮೌರ್ಯರಿಗೆ ಬಂದವು. ಚಂದ್ರಗುಪ್ತ ಬದಲಿಗೆ ಕೊಟ್ಟದ್ದು 500 ಆನೆ. ಮೇಲ್ನೋಟಕ್ಕೆ ಇದು ಸೆಲ್ಯೂಕಸನಿಗೆ ನಷ್ಟದ ವ್ಯಾಪಾರ. ಆದರೆ ಅವನಿಗೆ ಪಶ್ಚಿಮದಲ್ಲಿ ಬೇರೆ ಶತ್ರುಗಳಿದ್ದರು. ಕ್ರಿ.ಪೂ. 301ರಲ್ಲಿ ಇಪ್ಸಸ್ ಕದನದಲ್ಲಿ ಈ ಭಾರತೀಯ ಆನೆಗಳ ಸಾಲೇ ಅವರಲ್ಲೊಬ್ಬನಾದ ಆಂಟಿಗೊನಸನ ಕುದುರೆ ಪಡೆಗೆ ಅಡ್ಡ ನಿಂತಿತು. ಇಬ್ಬರಿಗೂ ಬೇಕಾದದ್ದು ಸಿಕ್ಕಿತು, ಯಾರ ಮಾನವೂ ಹೋಗಲಿಲ್ಲ.

ಐನೂರು ಆನೆಗಳನ್ನು ಎತ್ತಿ ಕೊಟ್ಟು, ತನ್ನ ಸೈನ್ಯ ಬಡವಾಗದಂತೆ ನೋಡಿಕೊಳ್ಳಬೇಕಾದರೆ ಆನೆಗಳ ಲೆಕ್ಕ ಒಬ್ಬನ ಕೈಯಲ್ಲಿರಬೇಕು. ಅರ್ಥಶಾಸ್ತ್ರದಲ್ಲಿ ಆ ಲೆಕ್ಕವಿದೆ. ರಾಜ್ಯದ ಅಂಚಿನಲ್ಲಿ ಆನೆಗಳಿಗೆಂದೇ ಕಾಡು ಬಿಡಬೇಕು. ಅದಕ್ಕೊಬ್ಬ ಅಧಿಕಾರಿ, ಅವನ ಕೈಕೆಳಗೆ ಕಾವಲುಗಾರರು. ಹೆಜ್ಜೆ, ಲದ್ದಿ, ಮಲಗಿದ ಜಾಗ, ಮುರಿದ ದಂಡೆ ನೋಡಿ ಹಿಂಡುಗಳನ್ನು ಪತ್ತೆ ಹಚ್ಚಿ ಬರೆದಿಡಬೇಕು. ಆನೆ ಕೊಂದವನಿಗೆ ಮರಣದಂಡನೆ. ಸಂಧಿ ಎಂದರೆ ಸೋತವನ ಕೆಲಸವೆಂದು ಈ ಗ್ರಂಥ ತಿಳಿಯುವುದಿಲ್ಲ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಯುದ್ಧದಿಂದಲೂ ಸಂಧಿಯಿಂದಲೂ ಸಿಗುವುದು ಒಂದೇ ಆದರೆ ಸಂಧಿಯನ್ನೇ ಹಿಡಿ, ಯುದ್ಧದಲ್ಲಿ ಖರ್ಚು ಹೆಚ್ಚು ಎನ್ನುವುದು ಅದರ ತೀರ್ಮಾನ. ಇದು ಲೆಕ್ಕ ಬರೆಯುವವನ ಮಾತು.

ಮೈಸೂರಿಗೆ ಬಂದ ಗರಿಗಳು

ಈ ಅರ್ಥಶಾಸ್ತ್ರ ನೂರಾರು ವರ್ಷ ಹೆಸರಿಗಷ್ಟೇ ಉಳಿದಿತ್ತು. ಸಂಸ್ಕೃತ ಕವಿಗಳಲ್ಲಿ ದಂಡಿ ಅದನ್ನು ಹೆಸರಿಸಿದ್ದ, ಬಾಣ ಅದರ ಕ್ರೌರ್ಯವನ್ನು ಹಳಿದಿದ್ದ, ಗ್ರಂಥ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಲಿಪಿ ಗ್ರಂಥಲಿಪಿ. ಅಲ್ಲಿ ಗ್ರಂಥಪಾಲಕರಾಗಿದ್ದವರು ಹಾಸನ ಸೀಮೆಯ ರುದ್ರಪಟ್ಟಣದಿಂದ ಬಂದ ಆರ್. ಶಾಮಶಾಸ್ತ್ರಿಗಳು. ಗರಿಗಳನ್ನು ಓದುತ್ತ ಹೋದಂತೆ ತಮ್ಮ ಕೈಯಲ್ಲಿರುವುದು ಏನೆಂದು ಅವರಿಗೆ ತಿಳಿಯಿತು. ಸಂಸ್ಕೃತ ಪಾಠವನ್ನು 1909ರಲ್ಲಿ ಮೈಸೂರಿನಿಂದಲೇ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಭಾರತೀಯರಿಗೆ ಪರಲೋಕದ ಚಿಂತೆಯೇ ಹೊರತು ರಾಜ್ಯಾಡಳಿತದ ಗೊಡವೆ ಇರಲಿಲ್ಲ ಎನ್ನುತ್ತಿದ್ದವರು ಆಮೇಲೆ ಅಷ್ಟು ಸಲೀಸಾಗಿ ಹಾಗೆ ಹೇಳುವಂತಿರಲಿಲ್ಲ.

ಗ್ರಂಥದಲ್ಲಿ 15 ಅಧಿಕರಣ, 150 ಅಧ್ಯಾಯ. ಗೂಢಚಾರರು, ವಿಷಪ್ರಯೋಗ, ಭೇದೋಪಾಯ ಹುಡುಕುವವರಿಗೆ ಬೇಕಾದಷ್ಟು ಸಿಗುತ್ತದೆ. ವಿದ್ಯಾರ್ಥಿಯ ವೇಷ, ವ್ಯಾಪಾರಿಯ ವೇಷ, ಜಡೆಬಿಟ್ಟ ತಪಸ್ವಿಯ ವೇಷ ಎಲ್ಲವೂ ಇವೆ. ಒಬ್ಬ ಗೂಢಚಾರ ತಂದ ಸುದ್ದಿಯನ್ನು ನಂಬಬೇಡ, ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ಮಾತು ಹೇಳಿದರೆ ನಂಬು ಎಂಬ ಎಚ್ಚರಿಕೆಯೂ ಇದೆ. ಆದರೆ ಎಲ್ಲಕ್ಕಿಂತ ದೊಡ್ಡದು ಎರಡನೆಯ ಅಧಿಕರಣ. ಅದರ ವಿಷಯ ಅಧ್ಯಕ್ಷರು, ಎಂದರೆ ಇಲಾಖೆಗಳ ಮೇಲಧಿಕಾರಿಗಳು. ಉಪ್ಪು, ನೂಲು, ಗಣಿ, ಹಡಗು, ಹಸು, ಮದ್ಯ, ಸುಂಕ, ತೂಕದ ಕಲ್ಲು, ಹೀಗೆ ಒಂದೊಂದಕ್ಕೂ ಒಬ್ಬೊಬ್ಬ.

ನೂಲಿನ ಅಧ್ಯಕ್ಷನನ್ನೇ ನೋಡಿ. ವಿಧವೆಯರು, ಅಂಗವಿಕಲ ಹೆಂಗಸರು, ಅರಮನೆಯಲ್ಲಿ ದುಡಿದು ಮುದಿಯಾದ ದಾಸಿಯರು, ಇವರಿಂದ ಅವನು ನೂಲು ತೆಗೆಸಬೇಕು. ಮನೆಯಿಂದ ಹೊರಗೆ ಬಾರದ ಹೆಂಗಸರಿಗೆ ದಾಸಿಯರ ಕೈಯಲ್ಲಿ ಕೆಲಸ ಕಳುಹಿಸಿ, ಮರ್ಯಾದೆಯಿಂದ ನಡೆಸಿಕೊಳ್ಳಬೇಕು. ತಾವೇ ನೂಲು ತರುವವರಿದ್ದರೆ ಬೆಳಗಿನ ಜಾವ ಬಂದು ಕೊಟ್ಟು ಕೂಲಿ ಪಡೆಯಬೇಕು. ಅಲ್ಲೊಂದು ದೀಪ ಇರುತ್ತದೆ, ನೂಲು ಪರೀಕ್ಷೆಗೆ ಎಷ್ಟು ಬೇಕೋ ಅಷ್ಟೇ ಬೆಳಕು. ಅಧಿಕಾರಿ ಹೆಂಗಸಿನ ಮುಖ ನೋಡಿದರೆ ದಂಡ, ಕೆಲಸಕ್ಕೆ ಸಂಬಂಧಿಸದ ಮಾತಾಡಿದರೆ ದಂಡ. ಕೂಲಿ ಕೊಡಲು ತಡ ಮಾಡಿದರೆ ಅದಕ್ಕಿಂತ ಹೆಚ್ಚಿನ ದಂಡ. ನಸುಕಿನಲ್ಲಿ ಕೈಯಲ್ಲಿ ನೂಲುಂಡೆ ಹಿಡಿದು ನಿಂತ ಒಬ್ಬ ಬಡ ವಿಧವೆಗೆ ಯಾರಿಂದ ಏನು ತೊಂದರೆ ಬರಬಹುದೆಂದು ಇದನ್ನು ಬರೆದವನಿಗೆ ಗೊತ್ತಿತ್ತು.

ಉಗ್ರಾಣದ ಅಂಗಳದಲ್ಲಿ ಒಂದು ಮೊಳ ಬಾಯಗಲದ ಪಾತ್ರೆ ಇಟ್ಟು ಮಳೆ ಅಳೆಯಬೇಕು. ಅಶ್ಮಕ ದೇಶಕ್ಕೆ 13½ ದ್ರೋಣ, ಅವಂತಿಗೆ 23 ದ್ರೋಣ ಎಂದು ಸೀಮೆವಾರು ಮಳೆಯ ಪಟ್ಟಿ ಇದೆ. ಅದನ್ನು ನೋಡಿ ಬಿತ್ತನೆ. ಲೆಕ್ಕದ ವರ್ಷಕ್ಕೆ 354 ದಿನ, ಆಷಾಢದಲ್ಲಿ ಮುಕ್ತಾಯ. ಆಗ ಸೀಮೆಸೀಮೆಗಳ ಲೆಕ್ಕಿಗರು ಮುದ್ರೆ ಒತ್ತಿದ ಪುಸ್ತಕ, ಮುದ್ರೆ ಒತ್ತಿದ ಹಣದ ಪೆಟ್ಟಿಗೆ ಹೊತ್ತು ರಾಜಧಾನಿಯ ಲೆಕ್ಕದ ಕಚೇರಿ ಅಕ್ಷಪಟಲಕ್ಕೆ ಬರಬೇಕು. ಬಂದವರನ್ನು ಒಬ್ಬರೊಡನೊಬ್ಬರು ಮಾತಾಡದಂತೆ ಕೂರಿಸಬೇಕು. ಲೆಕ್ಕ ಹೊಂದಿಸಿಕೊಳ್ಳಲು ದಾರಿ ಸಿಗಬಾರದಲ್ಲ! ಸರ್ಕಾರದ ಹಣ ನುಂಗಲು 40 ದಾರಿಗಳಿವೆ ಎಂದು ಗ್ರಂಥ ಒಂದೊಂದನ್ನೂ ಹೆಸರಿಸುತ್ತದೆ: ಬಂದದ್ದನ್ನು ಬಂದಿಲ್ಲವೆನ್ನುವುದು, ಬಾರದ್ದನ್ನು ಬಂದಿದೆಯೆನ್ನುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಬರೆಯುವುದು. ನೀರಿನೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯುವುದಿಲ್ಲವೋ ಅಧಿಕಾರಿ ಹಣ ತಿಂದದ್ದೂ ಹಾಗೇ ಎನ್ನುವ ಹೋಲಿಕೆ ಈ ಭಾಗದ್ದೇ.

ಸಂಬಳದ ಪಟ್ಟಿಯಲ್ಲಿ ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ, ರಾಜಮಾತೆಯರಿಗೆ ವರ್ಷಕ್ಕೆ 48,000 ಪಣ. ದನ ಕಾಯುವವನಂಥ ಕೊನೆಯ ಸೇವಕನಿಗೆ 60 ಪಣ. ಮೇಲಿನವರಿಗೆ ಇಷ್ಟೇಕೆ ಎಂದರೆ, ಇಷ್ಟು ಸಿಕ್ಕರೆ ಅವರು ಯಾರ ಚಿತಾವಣೆಗೂ ಬೀಳುವುದಿಲ್ಲ, ಸಿಟ್ಟಿಗೂ ಏಳುವುದಿಲ್ಲ. ರಾಜ್ಯದ ಸಂಬಳದ ಖರ್ಚು ಆದಾಯದ ನಾಲ್ಕನೇ ಒಂದು ಭಾಗ ದಾಟಬಾರದು. ಪಂಕ್ತಿಯಿಂದ ಎಬ್ಬಿಸಿದಾಗ ಎದ್ದ ಸಿಟ್ಟು ಏನು ಮಾಡಬಲ್ಲದೆಂದು ಚಾಣಕ್ಯನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಿಟ್ಟಿಗೂ ಒಂದು ಬೆಲೆ ಕಟ್ಟಿ ಬಜೆಟ್ಟಿನಲ್ಲಿ ಸೇರಿಸಿದ ಗ್ರಂಥ ಇದು.

ಬರೆದವನು ಅವನೇನಾ?

ಇಲ್ಲೊಂದು ತಕರಾರಿದೆ. ಅರ್ಥಶಾಸ್ತ್ರದ ಕೊನೆಗೆ, ಶಾಸ್ತ್ರವನ್ನೂ ಶಸ್ತ್ರವನ್ನೂ ನಂದರ ಕೈಯಲ್ಲಿದ್ದ ಭೂಮಿಯನ್ನೂ ಬಿಡಿಸಿದವನು ಇದನ್ನು ರಚಿಸಿದನೆಂಬ ಮಾತು ಬರುತ್ತದೆ. ಆದರೆ ಚಂದ್ರಗುಪ್ತನ ಹೆಸರಾಗಲಿ, ಮೌರ್ಯರ ಹೆಸರಾಗಲಿ, ಪಾಟಲಿಪುತ್ರದ ಹೆಸರಾಗಲಿ ಇಡೀ ಗ್ರಂಥದಲ್ಲಿಲ್ಲ. ಮೌರ್ಯರ ಕೋಟೆ ಮರದ್ದು, ಗ್ರಂಥ ಬೆಂಕಿಗೆ ಹೆದರಿ ಮರದ ಕೋಟೆ ಬೇಡವೆನ್ನುತ್ತದೆ. ಚೀನಾದ ರೇಷ್ಮೆಯ ಪ್ರಸ್ತಾಪವಿದೆ. 1971ರಲ್ಲಿ ಥಾಮಸ್ ಟ್ರಾಟ್‌ಮನ್ ಪದಗಳ ಬಳಕೆಯನ್ನು ಎಣಿಸಿ, ಇದು ಒಂದೇ ಕೈಯ ಬರಹವಲ್ಲ ಎಂದರು. ಪ್ಯಾಟ್ರಿಕ್ ಒಲಿವೆಲ್ ಇದರ ಮೂಲ ರೂಪವನ್ನೇ ಮೌರ್ಯರಿಗಿಂತ ಈಚೆಗೆ ತರುತ್ತಾರೆ. ಮೌರ್ಯರ ಕಾಲದ ತಿರುಳು ಇದೆ, ಆಮೇಲಿನವರು ಬೆಳೆಸಿದರು ಎನ್ನುವ ವಿದ್ವಾಂಸರೂ ಇದ್ದಾರೆ.

ಹಾಗಾದರೆ ಗ್ರಂಥವನ್ನು ಪಕ್ಕಕ್ಕಿಟ್ಟು ನೆಲವನ್ನೇ ಕೇಳೋಣ. ಸೆಲ್ಯೂಕಸನ ರಾಯಭಾರಿ ಮೆಗಸ್ತನೀಸ್ ಪಾಟಲಿಪುತ್ರವನ್ನು ಕಣ್ಣಾರೆ ಕಂಡವನು. ಅವನ ಪುಸ್ತಕ ಕಳೆದುಹೋಗಿದೆ, ಬೇರೆಯವರು ಎತ್ತಿಕೊಂಡ ತುಣುಕುಗಳಲ್ಲಿ ವಿವರ ಉಳಿದಿದೆ. ಮರದ ಗೋಡೆ, 570 ಬುರುಜು, 64 ಬಾಗಿಲು. ನಗರವನ್ನು ನೋಡಿಕೊಳ್ಳಲು ಐದೈದು ಜನರ ಆರು ಮಂಡಳಿ. ಒಂದು ಪರದೇಶಿಗಳನ್ನು ವಿಚಾರಿಸಿಕೊಂಡರೆ ಇನ್ನೊಂದು ಹುಟ್ಟುಸಾವು ಬರೆದುಕೊಳ್ಳುತ್ತದೆ, ಮತ್ತೊಂದು ಅಳತೆ ತೂಕ ನೋಡುತ್ತದೆ. ಆ ಮರದ ಗೋಡೆಯ ಅವಶೇಷ ಪಟ್ನಾದ ಬುಲಂದಿಬಾಗ್‌ನಲ್ಲಿ ಅಗೆದಾಗ ಸಿಕ್ಕಿತು. ಗೋರಖ್‌ಪುರದ ಬಳಿಯ ಸೊಹ್‌ಗೌರಾದಲ್ಲಿ ಸಿಕ್ಕ ತಾಮ್ರಫಲಕವೂ ಬಾಂಗ್ಲಾದೇಶದ ಮಹಾಸ್ಥಾನದ ಕಲ್ಲೂ ಹೇಳುವುದು ಬರಗಾಲಕ್ಕೆ ತೆರೆಯಬೇಕಾದ ಉಗ್ರಾಣದ ವಿಷಯವನ್ನು. ಗುಜರಾತಿನ ಜುನಾಗಢದಲ್ಲಿ ಕ್ರಿ.ಶ. 150ರ ಸುಮಾರಿಗೆ ಶಕರಾಜ ರುದ್ರದಾಮನ್ ಸುದರ್ಶನ ಕೆರೆಯ ಒಡೆದ ಏರಿ ಕಟ್ಟಿಸಿದಾಗ, ಆ ಕೆರೆಯನ್ನು ಮೊದಲು ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಪ್ರಾಂತಾಧಿಕಾರಿ ವೈಶ್ಯ ಪುಷ್ಯಗುಪ್ತ ಎಂದು ಕಲ್ಲಿನಲ್ಲಿ ಬರೆಸಿದ. ಸಾಮ್ರಾಜ್ಯ ಅಳಿದು ಮುನ್ನೂರು ವರ್ಷ ಕಳೆದರೂ ಕೆರೆಯ ಕಡತ ಎಲ್ಲೋ ಉಳಿದಿತ್ತು.

ಗ್ರಂಥದ ಕೈ ಯಾರದೇ ಇರಲಿ, ಅದು ಹೇಳುವ ಬಗೆಯ ಕೆಲಸ ಮೌರ್ಯರ ನೆಲದಲ್ಲಿ ನಡೆದಿತ್ತು.

ರಾಕ್ಷಸನಿಗೆ ಕೊಟ್ಟ ಕುರ್ಚಿ

ವಿಶಾಖದತ್ತನ ‘ಮುದ್ರಾರಾಕ್ಷಸ’ಕ್ಕೆ ಇತಿಹಾಸದ ಪಟ್ಟ ಕಟ್ಟುವಂತಿಲ್ಲ. ಆದರೂ ಚಾಣಕ್ಯನ ಕೆಲಸವನ್ನು ಆ ನಾಟಕಕಾರ ಅರಿತಷ್ಟು ಬೇರೆಯವರು ಅರಿಯಲಿಲ್ಲ. ನಾಟಕ ಶುರುವಾಗುವಾಗ ನಂದರು ಆಗಲೇ ಸತ್ತಿದ್ದಾರೆ, ಆಣೆ ತೀರಿದೆ. ಆದರೂ ಚಾಣಕ್ಯನ ಜುಟ್ಟು ಬಿಚ್ಚಿಯೇ ಇದೆ. ಏಕೆಂದರೆ ನಂದರ ಮಂತ್ರಿ ರಾಕ್ಷಸ ಹೊರಗಿದ್ದಾನೆ, ಸತ್ತ ಒಡೆಯನಿಗೆ ಇನ್ನೂ ನಿಷ್ಠನಾಗಿದ್ದಾನೆ. ಚಾಣಕ್ಯ ಅವನ ಮುದ್ರೆಯುಂಗುರ ಕೈವಶ ಮಾಡಿಕೊಳ್ಳುತ್ತಾನೆ, ಸುಳ್ಳು ಪತ್ರ ಬರೆಸುತ್ತಾನೆ, ಮಿತ್ರರಿಂದ ಅವನನ್ನು ಒಡೆಯುತ್ತಾನೆ, ಅವನ ಗೆಳೆಯ ಚಂದನದಾಸನನ್ನು ಶೂಲದ ಬುಡಕ್ಕೆ ತಂದು ನಿಲ್ಲಿಸುತ್ತಾನೆ. ಗೆಳೆಯನನ್ನು ಉಳಿಸಲು ರಾಕ್ಷಸ ತಾನಾಗಿ ಬಂದಾಗ ಅವನಿಗೆ ಸಿಗುವುದು ಶೂಲವಲ್ಲ, ಚಂದ್ರಗುಪ್ತನ ಮಂತ್ರಿಪದವಿ. ಆಗ ಚಾಣಕ್ಯ ಜುಟ್ಟು ಕಟ್ಟುತ್ತಾನೆ.

ನಂದರ ತೆರಿಗೆ ವ್ಯವಸ್ಥೆ, ಸೈನ್ಯ, ಕಡತ ಎಲ್ಲವೂ ರಾಕ್ಷಸನಂಥವರ ತಲೆಯಲ್ಲಿದ್ದವು. ಅವನನ್ನು ಕೊಂದರೆ ಸಿಂಹಾಸನ ಉಳಿಯುತ್ತಿತ್ತು, ಕಚೇರಿ ನಿಲ್ಲುತ್ತಿತ್ತು. ಸೇಡು ತೀರಿಸಿಕೊಂಡವನು ಸೇಡು ತೀರಿದ ಕೂಡಲೇ ಎದುರಾಳಿಗೆ ಕುರ್ಚಿ ಬಿಟ್ಟುಕೊಟ್ಟ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಈ ಕತೆಯನ್ನು ‘ಮುದ್ರಾಮಂಜೂಷ’ವೆಂದು ಗದ್ಯದಲ್ಲಿ ಕನ್ನಡಕ್ಕೆ ತಂದ. ಮಂತ್ರಿಗಳ ಈ ಕದನವನ್ನು ಕನ್ನಡಿಗರು ಶಾಮಶಾಸ್ತ್ರಿಗಳಿಗಿಂತ ಎಂಬತ್ತು ವರ್ಷ ಮೊದಲೇ ಓದುತ್ತಿದ್ದರು.

ಅದಕ್ಕೂ ಬಹಳ ಹಿಂದೆ ‘ವಡ್ಡಾರಾಧನೆ’ಯ 19 ಕತೆಗಳಲ್ಲಿ ಚಾಣಾಕ್ಯ ರಿಸಿಯದೂ ಒಂದಾಗಿ ಸೇರಿತ್ತು. ಜೈನರ ಕತೆಗಳಲ್ಲಿ ಅವನು ಕೊನೆಗೆ ಎಲ್ಲ ಬಿಟ್ಟು ತಪಸ್ಸಿಗೆ ಕೂರುತ್ತಾನೆ. ಹಳೆಯ ಹಗೆ ಸುಬಂಧು ಸುತ್ತಲೂ ಬೆರಣಿಗೆ ಬೆಂಕಿ ಇಟ್ಟಾಗ ಅಲುಗಾಡದೆ ಬೇಯುತ್ತಾನೆ. ಶಿಷ್ಯ ಚಂದ್ರಗುಪ್ತ ರಾಜ್ಯ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದನೆಂದು ಅದೇ ಪರಂಪರೆ ನಂಬುತ್ತದೆ.

ಲೆಕ್ಕದ ಮೇಲೆ ಕಟ್ಟಿದ ರಾಜ್ಯಕ್ಕೆ ಅದರದೇ ರೋಗವೂ ಇತ್ತು. ಚಂದ್ರಗುಪ್ತನ ಮಗ ಬಿಂದುಸಾರನ ಕಾಲದಲ್ಲಿ ತಕ್ಷಶಿಲೆ ದಂಗೆ ಎದ್ದಿತು. ದಂಗೆ ಅಡಗಿಸಲು ಬಂದ ರಾಜಕುಮಾರ ಅಶೋಕನನ್ನು ಜನ ಎದುರುಗೊಂಡು, ನಮಗೆ ನಿನ್ನ ಮೇಲಾಗಲಿ ರಾಜನ ಮೇಲಾಗಲಿ ಸಿಟ್ಟಿಲ್ಲ, ದುಷ್ಟ ಅಧಿಕಾರಿಗಳ ಕಾಟ ತಾಳಲಾರೆವು ಎಂದರೆಂದು ಬೌದ್ಧರ ‘ದಿವ್ಯಾವದಾನ’ ಹೇಳುತ್ತದೆ. ನೂಲು ತಂದ ಹೆಂಗಸಿನ ಮುಖ ನೋಡಬೇಡವೆಂದು ನಿಯಮ ಬರೆಯಬಹುದು. ದೀಪದ ಮುಂದೆ ಕೂತವನನ್ನು ಕಾಯುವವರು ಯಾರು?

ರಾಜ್ಯ ಗೆಲ್ಲುವುದಕ್ಕೆ ಸಿಟ್ಟು ದಾರಿ ತೆರೆಯಿತು, ಉಳಿಸಿಕೊಳ್ಳುವುದಕ್ಕೆ ಗುಮಾಸ್ತರು ಬೇಕಾದರು. ಅದನ್ನು ಕಣ್ಣಾರೆ ಕಾಣಬೇಕೆನ್ನುವವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ರಾಜಪುತ್ರನಿಂದ ಹೊರಟ ಆಜ್ಞೆ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ತಲುಪಿದ್ದು ಅದರಲ್ಲಿದೆ, ಕ್ಷೇಮಸಮಾಚಾರ ವಿಚಾರಿಸಿದ ಮರ್ಯಾದೆಯೂ ಇದೆ. ಪಾಟಲಿಪುತ್ರದಿಂದ ಈ ಬಂಡೆಗೆ ಸುಮಾರು 1,500 ಕಿಲೋಮೀಟರ್. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಅದರ ಪಕ್ಕದಲ್ಲಿ ಅವನ ಉದ್ಯೋಗ, ಲಿಪಿಕಾರ. ಆ ಒಂದು ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ, ತಕ್ಷಶಿಲೆಯ ಕಡೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ.